ಸೆಪ್ಸಿಸ್ ರೋಗಿಯ ನಾಡಿ ಇಳಿಯದಿದ್ದರೆ: ಎಸ್ಮೊಲಾಲ್ ಯಾರಿಗೆ, ಎಷ್ಟು, ಹೇಗೆ

ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಐಸಿಯುಗೆ ಬರುವ ಸೆಪ್ಸಿಸ್ (ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ಅಂಗಗಳು ಕೆಡುವ ಸ್ಥಿತಿ) ರೋಗಿಗೆ ನಾಡಿ 120–130 ಇರುವುದು ಅಪರೂಪವೇನಲ್ಲ. ಅದನ್ನು ಕಂಡ ಕೂಡಲೇ ಎಸ್ಮೊಲಾಲ್‌ನಂಥ ಬೀಟಾ ಬ್ಲಾಕರ್‌ಗೆ (ನಾಡಿ ಇಳಿಸುವ ಔಷಧ) ಕೈ ಹಾಕಬೇಡಿ. ರಕ್ತದೊತ್ತಡ ಕುಸಿಯದಿರಲೆಂದೇ ಹೃದಯ ಓಡುತ್ತಿರಬಹುದು. ಜ್ವರ, ನೋವು, ರಕ್ತಸ್ರಾವ, ದ್ರವದ ಕೊರತೆ ಮೊದಲು ನೋಡಿ. ರೆಫರಲ್ ಚೀಟಿಯಲ್ಲಿ ಎಷ್ಟು ಸಲೈನ್ ಹೋಗಿದೆ ಎಂದು ಬರೆದಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಮನೆಯ ಮಾತ್ರೆ ಸ್ಟ್ರಿಪ್ಪನ್ನೂ ತರಿಸಿ. ಬೀಟಾ ಬ್ಲಾಕರ್ ಮಾತ್ರೆ ಮೆಟೊಪ್ರೊಲಾಲ್ ಥಟ್ಟನೆ ನಿಂತರೂ ನಾಡಿ ಏರುತ್ತದೆ.

ಆ್ಯಂಟಿಬಯೋಟಿಕ್, ದ್ರವ, ರಕ್ತನಾಳ ಬಿಗಿಸಿ ಸರಾಸರಿ ರಕ್ತದೊತ್ತಡ 65 mmHg ಕಾಯುವ ನಾರ್‌ಅಡ್ರಿನಲಿನ್, ಚಿಕಿತ್ಸೆಯೆಂದರೆ ಇವೇ. ನಾರ್‌ಅಡ್ರಿನಲಿನ್ ಕೆಜಿಗೆ ನಿಮಿಷಕ್ಕೆ 0.25 ಮೈಕ್ರೋಗ್ರಾಂ ದಾಟಿದರೆ ಅದೇ ಕೆಲಸದ ವಾಸೊಪ್ರೆಸಿನ್ ನಿಮಿಷಕ್ಕೆ 0.03 ಯೂನಿಟ್ ಸೇರಿಸಿ: 20 ಯೂನಿಟ್ 40 ಮಿ.ಲೀ.ಗೆ ಬೆರೆಸಿ, ಗಂಟೆಗೆ 3.6 ಮಿ.ಲೀ.

24 ಗಂಟೆ ಕಳೆದ ಮೇಲೂ ನಾಡಿ 95 ದಾಟಿದ್ದು, ನಾರ್‌ಅಡ್ರಿನಲಿನ್ ಏರಿಸಬೇಕಾಗಿ ಬರದೆ, ಲ್ಯಾಕ್ಟೇಟ್ (ಅಂಗಾಂಶಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ಅಂಶ) ಇಳಿಯುತ್ತಾ, ಎಕೋದಲ್ಲಿ ಎರಡೂ ಹೃತ್ಕುಕ್ಷಿಗಳು ಚೆನ್ನಾಗಿ ಹಿಂಡುತ್ತಿದ್ದರೆ ಮಾತ್ರ ಎಸ್ಮೊಲಾಲ್ ಯೋಚನೆ. ಅದೂ ಹಿರಿಯ ವೈದ್ಯರು ಹಾಸಿಗೆ ಪಕ್ಕದಲ್ಲಿದ್ದು ತೀರ್ಮಾನಿಸಿದರೆ. ಆಸ್ತಮಾ, ಹಾರ್ಟ್ ಬ್ಲಾಕ್ ಇದ್ದರೆ ಬೇಡವೇ ಬೇಡ.

10 ಮಿ.ಲೀ.ಗೆ 100 ಮಿ.ಗ್ರಾಂ ಇರುವ 5 ವಯಲ್‌ಗಳನ್ನು ನೀರು ಬೆರೆಸದೆ 50 ಮಿ.ಲೀ. ಸಿರಿಂಜಿಗೆ ಎಳೆಯಿರಿ. ಬೋಲಸ್ (ಒಮ್ಮೆಗೇ ತಳ್ಳುವ ಡೋಸ್) ಕೊಡದೆ ಗಂಟೆಗೆ 2.5 ಮಿ.ಲೀ.ಯಲ್ಲಿ, ಅಂದರೆ 25 ಮಿ.ಗ್ರಾಂನಲ್ಲಿ, ಶುರು ಮಾಡಿ. 20 ನಿಮಿಷ ಕಾದು ಒತ್ತಡ, ಮೊಣಕಾಲಿನ ಚರ್ಮದ ಬಣ್ಣ, ಉಗುರು ಒತ್ತಿ ಬಿಟ್ಟಾಗ ರಕ್ತ ಮರಳುವ ವೇಗ ನೋಡಿಯೇ ಮುಂದಿನ ಹೆಜ್ಜೆ. ನಾಡಿಯ ಗುರಿ 80–94, ಅದಕ್ಕಿಂತ ಕೆಳಗೆ ಇಳಿಸಬೇಡಿ. ಇದಕ್ಕೆ ಪ್ರತ್ಯೇಕ ಲೈನ್ ಬೇಕು. ನಾರ್‌ಅಡ್ರಿನಲಿನ್ ಲೈನಿಗೇ ಸೇರಿಸಿದರೆ, ಬೇರೆ ಔಷಧ ತಳ್ಳಿದಾಗ ಎರಡೂ ಒಟ್ಟಿಗೆ ಒಳನುಗ್ಗಿ ಒತ್ತಡ ಏರುಪೇರಾಗುತ್ತದೆ.

ನಾರ್‌ಅಡ್ರಿನಲಿನ್ ಏರಿಸಬೇಕಾಗಿ ಬಂದರೆ ಎಸ್ಮೊಲಾಲ್ ನಿಲ್ಲಿಸಿ. ಅರ್ಧಾಯುಷ್ಯ ಸುಮಾರು 9 ನಿಮಿಷ, ಅರ್ಧ ಗಂಟೆಯಲ್ಲಿ ಪರಿಣಾಮ ಬಹುತೇಕ ಇಳಿಯುತ್ತದೆ.

ಇಷ್ಟು ಬಿಗಿ ಯಾಕೆಂದರೆ, 2013ರ ರೋಮ್ ಅಧ್ಯಯನದಲ್ಲಿ 154 ರೋಗಿಗಳ ಪೈಕಿ ಎಸ್ಮೊಲಾಲ್ ಪಡೆದವರಲ್ಲಿ ಸಾವು ಕಡಿಮೆಯಿತ್ತು, ಆದರೆ ಅದು ಒಂದೇ ಆಸ್ಪತ್ರೆಯದು, ಔಷಧ ಪಡೆಯದವರಲ್ಲಿ ಶೇ. 80 ಸಾವು ವಿಪರೀತ. ಬ್ರಿಟನ್‌ನಲ್ಲಿ ಎಸ್ಮೊಲಾಲ್‌ನಂಥದೇ ಔಷಧ ಲ್ಯಾಂಡಿಯೊಲಾಲ್ ಪರೀಕ್ಷಿಸಿದ ಸ್ಟ್ರೆಸ್-ಎಲ್ ಅಧ್ಯಯನವನ್ನು 126 ರೋಗಿಗಳಿಗೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಲ್ಲೇ ಸಾವು ಹೆಚ್ಚು ಕಂಡಿತ್ತು. ಹೃದಯದ ಹಿಂಡುವ ಬಲ ಹೆಚ್ಚಿಸುವ ಲೆವೊಸಿಮೆಂಡನ್ ಕೂಡ 2016ರ ಲಿಯೋಪಾರ್ಡ್ಸ್ ಅಧ್ಯಯನದಲ್ಲಿ ಉಪಯೋಗಕ್ಕೆ ಬರಲಿಲ್ಲ, ಹೃದಯದ ಲಯ ತಪ್ಪಿಸಿತು. ಸೆಪ್ಸಿಸ್‌ಗೆಂದು ಅದನ್ನು ತರಿಸಬೇಡಿ.