ಸರ್ಕ್ಯೂಟ್ ಡಯಾಗ್ರಾಂ ಇಲ್ಲದ ವರ್ಡ್ ಪ್ರೊಸೆಸರ್ ರಿಪೇರಿ

ದಾವಣಗೆರೆಯ ಒಂದು ಹತ್ತಿ ವ್ಯಾಪಾರದ ಕಚೇರಿಯಿಂದ ಬಂದ ಯಂತ್ರ ಇದು. ಪತ್ರ ಟೈಪ್ ಮಾಡುವುದಕ್ಕೆಂದೇ ಮಾಡಿದ ಕಂಪ್ಯೂಟರ್. ಹಸಿರು ಪರದೆ, ಎರಡು 5¼ ಇಂಚಿನ ಫ್ಲಾಪಿ ಡ್ರೈವ್. ಲೇಬಲ್ ಉದುರಿದೆ, ಮ್ಯಾನ್ಯುಯಲ್ ಇಲ್ಲ, ಬೋರ್ಡಿನ ನಂಬರ್ ಹುಡುಕಿದರೆ ಏನೂ ಸಿಗಲಿಲ್ಲ. ಆದರೆ ಒಳಗಿನ ಐ.ಸಿ.ಗಳೆಲ್ಲ ಪರಿಚಯದವೇ: ಪ್ರೊಸೆಸರ್ ಝಡ್80ಎ, ಪರದೆಗೆ 6845, ಫ್ಲಾಪಿಗೆ 765, ಹದಿನಾರು 4116 ರ‍್ಯಾಮ್, ಕಾಯಂ ಪ್ರೋಗ್ರಾಂ ಇರುವ ಎರಡು 2732, ಅಕ್ಷರಗಳಿಗೆ ಒಂದು 2716. ಇವಕ್ಕೆಲ್ಲ ಡೇಟಾಶೀಟ್ (ಕಾಲು, ವೋಲ್ಟೇಜುಗಳ ವಿವರದ ಹಾಳೆ) ಉಂಟು. ಮ್ಯಾನ್ಯುಯಲ್ ಅಂದರೆ ನನಗೆ ಅಷ್ಟೇ ಇದ್ದದ್ದು, ಸಾಕೂ ಆಯಿತು.

ಪ್ಲಗ್ ಹಾಕಿ ನೋಡೋಣ ಎಂಬ ಆಸೆ ಮೊದಲು ಬಿಡಬೇಕು. 4116ಕ್ಕೆ ಮೂರು ವೋಲ್ಟೇಜ್ ಬೇಕು: 1ನೇ ಕಾಲಿಗೆ −5, 8ಕ್ಕೆ +12, 9ಕ್ಕೆ +5; 16 ಗ್ರೌಂಡ್. −5 ಇಲ್ಲದೆ +12 ಬಂದರೆ ಐ.ಸಿ. ಸುಟ್ಟುಹೋಗುತ್ತದೆ. ಹದಿನಾರೂ ಹೋದರೆ ಹುಡುಕಿ ತರುವುದು ಕಷ್ಟ. ಆದ್ದರಿಂದ ಪವರ್ ಸಪ್ಲೈ ಬಿಚ್ಚಿ ಹೊರಗಿಟ್ಟೇ ಪರೀಕ್ಷೆ ಮಾಡಿದೆ. ಇಂಥ ಹಳೆಯ ಎಸ್.ಎಂ.ಪಿ.ಎಸ್. (ಸ್ವಿಚಿಂಗ್ ಪವರ್ ಸಪ್ಲೈ) ಲೋಡ್ ಇಲ್ಲದೆ ಸರಿಯಾಗಿ ನಡೆಯುವುದಿಲ್ಲ. +5ಕ್ಕೆ 5 ಓಮ್, 10 ವ್ಯಾಟ್ ರೆಸಿಸ್ಟರ್ (1 ಆಂಪಿಯರ್ ಎಳೆಯುತ್ತದೆ), +12ಕ್ಕೆ ಆಟೊ ಸ್ಪೇರ್ಸ್ ಅಂಗಡಿಯ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಕಟ್ಟಿದೆ. ಕರೆಂಟಿನ ಕಡೆ ಸೀರೀಸ್‌ನಲ್ಲಿ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಮೇನ್ಸ್ ಮೇಲೆ ಪಾರದರ್ಶಕ ಹಳದಿ ಕವಚದ, ಕಾಗದದ ಎಕ್ಸ್2 (ಮೇನ್ಸ್ ಮೇಲೆ ಹಾಕುವ ಸುರಕ್ಷತಾ ದರ್ಜೆಯ) ಕೆಪಾಸಿಟರ್ ಇದ್ದರೆ ಪರೀಕ್ಷಿಸದೆಯೇ ಕಿತ್ತುಹಾಕಿ. ಕವಚ ಬಿರಿದು ತೇವ ಹೀರಿರುತ್ತದೆ, ಹೊಗೆ ಗ್ಯಾರಂಟಿ. ಬದಲಿಗೆ ಅಷ್ಟೇ ಮೈಕ್ರೊಫ್ಯಾರಡ್‌ನ, 275 ವೋಲ್ಟ್ ಎ.ಸಿ.ಯ ಎಕ್ಸ್2 ಹಾಕಬೇಕು. ಸಾಮಾನ್ಯ ಕೆಪಾಸಿಟರ್ ಅಲ್ಲಿ ಹಾಕಬಾರದು.

+5, +12 ಸರಿಯಿದ್ದವು. −5 ಇರಬೇಕಾದ ಕಡೆ ಬಹುತೇಕ ಸೊನ್ನೆ. −5 ಕೊಡುವ ರೆಗ್ಯುಲೇಟರ್ 7905ರ ಔಟ್‌ಪುಟ್ಟಿನ ಟ್ಯಾಂಟಲಮ್ ಕೆಪಾಸಿಟರ್ ಶಾರ್ಟ್ ಆಗಿತ್ತು. ಇಲ್ಲಿ ಕೈತಪ್ಪುವ ಜಾಗ ಮೂರು. ಒಂದು, 7905ರ ಕಾಲುಗಳು +5ರ ರೆಗ್ಯುಲೇಟರ್ 7805ರಂತಲ್ಲ: 1 ಗ್ರೌಂಡ್, 2 ಇನ್‌ಪುಟ್, 3 ಔಟ್‌ಪುಟ್. ಎರಡು, ಅದರ ಲೋಹದ ಬೆನ್ನು ಇನ್‌ಪುಟ್ಟಿಗೆ ಸೇರಿದ್ದು. ನಡುವೆ ಮೈಕಾ ಹಾಳೆ ಇಲ್ಲದೆ ಚಾಸಿಗೆ ಬಿಗಿದರೆ ಶಾರ್ಟ್. ಮೂರು, ಮೈನಸ್ ಲೈನಿನಲ್ಲಿ ಕೆಪಾಸಿಟರಿನ ಪ್ಲಸ್ ಕಾಲು ಗ್ರೌಂಡ್ ಕಡೆಗೆ ಹೋಗಬೇಕು. 10 ಮೈಕ್ರೊಫ್ಯಾರಡ್, 35 ವೋಲ್ಟಿನ ಎಲೆಕ್ಟ್ರೊಲಿಟಿಕ್ ಹಾಕಿದ ಮೇಲೆ −5 ಬಂತು.

ಬೋರ್ಡ್ ತುಂಬಾ ಹತ್ತಿಯ ಜುಂಗು. ಅದು ಬ್ರಷ್ಷಿಗೆ, ಬ್ಲೋವರಿಗೆ ಹೋಗುತ್ತದೆ. ತಲೆನೋವು ಅದರ ಕೆಳಗಿನ ಕಪ್ಪು. ಆ ಕಾಲದ ಎಷ್ಟೋ ಐ.ಸಿ. ಕಾಲುಗಳಿಗೆ ಬೆಳ್ಳಿ ಲೇಪನ ಇರುತ್ತದೆ, ಗಂಧಕದ ಹೊಗೆ ತಾಗಿದರೆ ಅದು ಕಪ್ಪಾಗುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಟೈರ್ ಸುಟ್ಟ ಹೊಗೆ ನೋಡಿದವರಿಗೆ ಗಂಧಕ ಎಲ್ಲಿಂದ ಬಂದಿರಬಹುದೆಂದು ಹೇಳಬೇಕಾಗಿಲ್ಲ. ಪವರ್ ಕೊಟ್ಟಾಗ ಝಡ್80ಯ 6ನೇ ಕಾಲಿನಲ್ಲಿ 4 ಮೆಗಾಹರ್ಟ್ಸ್ ಕ್ಲಾಕ್ ಇತ್ತು, 26ನೇ ಕಾಲಿನ ರೀಸೆಟ್ ಮೇಲೆದ್ದಿತ್ತು. 27ನೇ ಕಾಲಿನ ಎಂ1 (ಆದೇಶ ಓದುವಾಗಿನ ಸಂಕೇತ) ಮಿಡಿಯುತ್ತಲೇ ಇತ್ತು, ಆದರೆ ಕ್ಷಣದಲ್ಲೇ 18ನೇ ಕಾಲಿನ ಹಾಲ್ಟ್ ಕೆಳಗಿಳಿಯಿತು. ಅಂದರೆ ಪ್ರೊಸೆಸರ್ ಬದುಕಿದೆ, ಓದುತ್ತಿರುವುದು ಕಸ. ಆ ಕಸದಲ್ಲಿ ಹೆಕ್ಸ್ (ಹದಿನಾರರ ಎಣಿಕೆಯ) 76 ಸಿಕ್ಕಿದ ಕೂಡಲೇ ಅದು ಮುಂದಿನ ಆದೇಶಕ್ಕೆ ಹೋಗದೆ ನಿಲ್ಲುತ್ತದೆ, 76 ಎಂದರೆ ಹಾಲ್ಟ್ ಆದೇಶ. 2732ಗಳನ್ನು ಸಾಕೆಟ್ಟಿನಿಂದ ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ, ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ. ಉಪ್ಪುಕಾಗದ ಬೇಡ. ಅವಸರಕ್ಕೆ ಒಂದು ಕಾಲು ಮುರಿದೇ ಹೋಯಿತು. ತಿರುಗಿಸಿ ಮಾಡಿದ ಪಿನ್ನಿನ ಸಾಕೆಟ್ ಒಂದಕ್ಕೆ ಆ ಐ.ಸಿ.ಯನ್ನೇ ಬೆಸೆದು, ಮುರಿದ ಕಡೆ ತೆಳು ತಂತಿ ಸೇರಿಸಿದರೆ ಸಾಕು.

ಸಾಕೆಟ್ಟಿಗೆ ಮರಳಿಸುವ ಮೊದಲು ಮೂರೂ ರಾಮ್ (ROM, ಅಂದರೆ ಎರಡು 2732, ಒಂದು 2716) ಐ.ಸಿ.ಗಳನ್ನು ಪ್ರೋಗ್ರಾಮರಿನಲ್ಲಿ ಮೂರು ಮೂರು ಸಲ ಓದಿ ಹೋಲಿಸಬೇಕು. ಓದು ಬೇರೆ ಬೇರೆ ಬಂದರೆ ಕಾಲು ಕೊಳೆ ಇದೆ ಅಥವಾ ಬಿಟ್ ಸವೆದಿದೆ. ಹೆಸರಿನ ಕೊನೆಗೆ ಎ ಇಲ್ಲದ 2732ಕ್ಕೆ ಬರೆಯಲು 25 ವೋಲ್ಟ್ ಬೇಕು, ಅಗ್ಗದ ಪ್ರೋಗ್ರಾಮರುಗಳಲ್ಲಿ ಅಷ್ಟು ಇರುವುದಿಲ್ಲ, ಓದಲು ತೊಂದರೆಯಿಲ್ಲ. ಗಾಜಿನ ಕಿಂಡಿಯ ಸ್ಟಿಕರ್ ಕೀಳಬೇಡಿ.

ಮ್ಯಾನ್ಯುಯಲ್ ಮಾಡಬೇಕಾದ ಕೆಲಸವನ್ನು ಎರಡು 2732ಗಳ ಈ 8 ಕಿಲೊಬೈಟ್ ಮಾಡಿತು. ಡಿಸ್‌ಅಸೆಂಬಲ್ ಮಾಡಿ (ಬೈಟುಗಳನ್ನು ಮತ್ತೆ ಆದೇಶಗಳಾಗಿ ಬಿಡಿಸಿ), ಡಿ3 (ಔಟ್) ಮತ್ತು ಡಿಬಿ (ಇನ್) ಆದೇಶಗಳ ಪಕ್ಕದ ಬೈಟ್ ಬರೆದುಕೊಂಡರೆ ಯಾವ ಪೋರ್ಟಿನಲ್ಲಿ ಏನಿದೆ ಎಂಬ ನಕ್ಷೆ ಬರುತ್ತದೆ. ಒಂದು ಪೋರ್ಟನ್ನು ಮತ್ತೆ ಮತ್ತೆ ಓದಿ 7ನೇ, 6ನೇ ಬಿಟ್ ನೋಡುತ್ತಿದ್ದರೆ ಅದು 765ರ ಸ್ಟೇಟಸ್. 6845ಕ್ಕೆ ಸುರಿಯುವ ಟೇಬಲ್ ಹುಡುಕಲು ಎರಡನೇ ಬೈಟ್ ಹೆಕ್ಸ್ 50 (80 ಅಕ್ಷರ) ಇರುವ ಸಾಲು ನೋಡಿ. ಇಲ್ಲಿ ಮೊದಲ ಬೈಟ್ 7ಎಫ್: ಒಂದು ಗೆರೆಗೆ 128 ಅಕ್ಷರ ಕಾಲ. 16 ಮೆಗಾಹರ್ಟ್ಸ್ ಕ್ರಿಸ್ಟಲನ್ನು 8 ಚುಕ್ಕೆಗೆ ಭಾಗಿಸಿದರೆ 2 ಮೆಗಾಹರ್ಟ್ಸ್, 128ಕ್ಕೆ ಭಾಗಿಸಿದರೆ 15.625 ಕಿಲೊಹರ್ಟ್ಸ್. ನಮ್ಮ ಹಳೇ ಟಿ.ವಿ.ಯ ಗೆರೆ ವೇಗವೇ. ಹಾಗಾಗಿ ಯಂತ್ರದ ಸ್ವಂತ ಪಿಕ್ಚರ್ ಟ್ಯೂಬ್ ಮುಟ್ಟುವ ಮೊದಲೇ 6845ರ 39ನೇ ಕಾಲಿನ ಎಚ್‌ಸಿಂಕ್ (ಪ್ರತಿ ಗೆರೆಯ ಸಂಕೇತ), 40ನೇ ಕಾಲಿನ ವಿಸಿಂಕ್ (ಪ್ರತಿ ಪರದೆಯ ಸಂಕೇತ) ಅಳೆದು ಬೋರ್ಡ್ ಸರಿಯಿದೆ ಎಂದು ಖಚಿತ ಮಾಡಿಕೊಳ್ಳಬಹುದು.

ಡ್ರೈವಿನ ಹೆಡ್ ಓಡುವ ಕಂಬಿಯ ಗ್ರೀಸ್ ಗಟ್ಟಿಯಾಗಿತ್ತು. ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು. ಚಕ್ರದ ಮೇಲಿನ ಗೆರೆಗಳು ನಿಮಿಷಕ್ಕೆ 300 ಸುತ್ತಿನ ವೇಗ ನೋಡುವುದಕ್ಕೆ. ಎರಡು ಸಾಲಿದ್ದರೆ 20 ಗೆರೆಯದು ನಮ್ಮ 50 ಹರ್ಟ್ಸ್ ಕರೆಂಟಿನದು, ಟ್ಯೂಬ್‌ಲೈಟಿನ ಕೆಳಗೆ ಅದು ನಿಂತಂತೆ ಕಾಣಬೇಕು. ಚೋಕ್ ಇರುವ ಹಳೇ ಟ್ಯೂಬೇ ಆಗಬೇಕು, ಎಲ್.ಇ.ಡಿ. ನಂಬುವಂತಿಲ್ಲ.

ಹಳೇ ಫ್ಲಾಪಿಯನ್ನು ಈ ಡ್ರೈವಿಗೆ ಹಾಕುವ ಮುನ್ನ ಗ್ರೀಸ್‌ವೀಜಲ್ (ಫ್ಲಾಪಿ ಡ್ರೈವನ್ನು ಇಂದಿನ ಕಂಪ್ಯೂಟರಿಗೆ ಜೋಡಿಸುವ) ಬೋರ್ಡಿನಿಂದ ಪ್ರತಿ ಮಾಡಿಕೊಳ್ಳಿ. ಬದಿಯ ಕಚ್ಚನ್ನು ಸ್ಟಿಕರಿನಿಂದ ಮುಚ್ಚಿದರೆ ಬರೆಯುವುದು ತಡೆಯುತ್ತದೆ. 3½ ಇಂಚಿನದರಲ್ಲಿ ಕಿಂಡಿ ತೆರೆದರೆ ತಡೆ, ಇಲ್ಲಿ ಉಲ್ಟಾ. ಫೈಲು ತೆರೆದಾಗ ಪ್ರತಿ ಪದದ ಕೊನೆಯ ಅಕ್ಷರ ವಿಚಿತ್ರವಾಗಿದ್ದರೆ ಹೆದರಬೇಡಿ. ಆ ಕಾಲದ ಬರವಣಿಗೆ ಪ್ರೋಗ್ರಾಂ ವರ್ಡ್‌ಸ್ಟಾರ್ ಮಾಡುವಂತೆ ಅಲ್ಲಿ 7ನೇ ಬಿಟ್ ಏರಿಸಿಟ್ಟಿರುತ್ತಾರೆ, ಇಳಿಸಿದರೆ ಇಂಗ್ಲಿಷ್ ಪತ್ರ ಓದಲು ಬರುತ್ತದೆ. ಇಸ್ಕಿಯಲ್ಲಿ (ಭಾರತೀಯ ಲಿಪಿಗಳ ಹಳೆಯ ಸಂಕೇತ ಪದ್ಧತಿ) ಬರೆದ ಕನ್ನಡದ ಫ್ಲಾಪಿಗೆ ಮಾತ್ರ ಈ ಚಿಕಿತ್ಸೆ ಬೇಡ. ಅದರಲ್ಲಿ ಕನ್ನಡ ಅಕ್ಷರಗಳು ಕೂತಿರುವುದೇ ಆ ಬಿಟ್ ಏರಿದ ಮೇಲಿನ ಅರ್ಧದಲ್ಲಿ.