ವನುವಾಟುವಿನ ದೂರದ ದ್ವೀಪಕ್ಕೆ ಸೇವೆಗೆ ಹೊರಟವರಿಗೆ

ದಕ್ಷಿಣ ಪೆಸಿಫಿಕ್ ಸಾಗರದ ಈ ದ್ವೀಪಗಳಿಗೆ ಸುವಾರ್ತೆಯನ್ನು ಮೊದಲು ಹೊತ್ತೊಯ್ಯುವವರು ನೀವಲ್ಲ. 1839ರಲ್ಲಿ ಎರೊಮಾಂಗೊ ದ್ವೀಪದ ದಂಡೆಯಲ್ಲಿ ಮಿಷನರಿ ಜಾನ್ ವಿಲಿಯಮ್ಸ್ ಹತರಾದರು, 1848ರಲ್ಲಿ ಜಾನ್ ಗೆಡ್ಡಿ ಅನೈಟಿಯಮ್‌ಗೆ ಬಂದಿಳಿದರು. ಗೆಡ್ಡಿಯವರಿಗೂ ಮುಂಚೆ ಸಮೋವಾದ ಬೋಧಕರು ಇಲ್ಲಿದ್ದರು. ಇಂದು ಜನರಲ್ಲಿ ಹೆಚ್ಚಿನವರು ಕ್ರೈಸ್ತರೇ. ಪ್ರೆಸ್ಬಿಟೇರಿಯನ್ ಸಭೆ ಎಲ್ಲಕ್ಕಿಂತ ದೊಡ್ಡದು. ನೀವು ಹೋಗುವ ಹಳ್ಳಿಯಲ್ಲಿ ಸಭಾಹಿರಿಯರಿರುತ್ತಾರೆ, ಭಾನುವಾರದ ಶಾಲೆ ಇರುತ್ತದೆ, ಮಹಿಳಾ ಕೂಟವೂ ಇರುತ್ತದೆ. ಅವರು ಕರೆದ ಕೆಲಸವನ್ನು ಅವರ ಕೈಕೆಳಗೆ ಮಾಡುವುದು ನಿಮ್ಮ ಪಾಲು. ನೀರಿಗೆ, ಊಟಕ್ಕೆ, ದೋಣಿಗೆ ಹಳ್ಳಿಯವರಿಗೆ ಹೊರೆಯಾದರೆ ಆ ಕೆಲಸ ಬಾಳುವುದಿಲ್ಲ. ಆದ್ದರಿಂದ ಇಲ್ಲಿ ಪ್ರಸಂಗಕ್ಕಿಂತ ನೀರಿನ ತೊಟ್ಟಿಯ ಮಾತು ಹೆಚ್ಚು.

ಸ್ಥಳೀಯ ಸಭೆಯ ಆಹ್ವಾನ ಪತ್ರವಿಲ್ಲದೆ ಹೊರಡಬೇಡಿ. ಹಳ್ಳಿಗೆ ಕಾಲಿಟ್ಟ ದಿನವೇ ಚೀಫ್ ಅವರನ್ನೂ ಸಭಾಹಿರಿಯರನ್ನೂ ಕಾಣಿರಿ. ಅಕ್ಕಿ, ಸಕ್ಕರೆ, ಡಬ್ಬಿ ಮೀನು ಒಯ್ದರೆ ಸಾಕು. ಅದನ್ನು ಅವರ ಕೈಗೇ ಕೊಡಿ. ಇಷ್ಟವಾದ ಒಂದು ಮನೆಗೆ ಕೊಟ್ಟರೆ ಉಳಿದ ಮನೆಗಳಲ್ಲಿ ಅಸಮಾಧಾನ ಹುಟ್ಟುತ್ತದೆ, ಅದು ವರ್ಷಗಟ್ಟಲೆ ಉಳಿಯುತ್ತದೆ. ಸಂವಿಧಾನದ ಪ್ರಕಾರ ಇಲ್ಲಿನ ನೆಲವೆಲ್ಲ ರೂಢಿಯಿಂದ ಬಂದ ಒಡೆಯರದು. ಬಿದ್ದ ತೆಂಗಿನಕಾಯಿಗೂ ಒಡೆಯನಿದ್ದಾನೆ, ಈಜುವ ದಂಡೆಗೂ ಇದ್ದಾನೆ, ಕೇಳಿಯೇ ಮುಂದುವರಿಯಿರಿ. ದಾರಿಯಲ್ಲೋ ದಂಡೆಯಲ್ಲೋ ನಮೆಲೆ ಎಂಬ ಸೈಕಡ್ ಮರದ ಎಲೆ ನೆಟ್ಟಿದ್ದರೆ ಅಲ್ಲಿ ನಿಷೇಧವಿದೆ ಎಂದರ್ಥ: ಮೀನು ಹಿಡಿಯಬಾರದು, ಏನನ್ನೂ ಕೊಯ್ಯಬಾರದು. ಹೆಂಗಸರು ಮೊಣಕಾಲು ಮುಚ್ಚುವ ಉಡುಪು ತೊಡಬೇಕು. ಗಂಡಸರು ಸಂಜೆ ಕಾವಾ (ಮಂಪರು ತರುವ ಬೇರಿನ ರಸ) ಕುಡಿಯಲು ಸೇರುವ ನಕಮಾಲ್‌ಗೆ ತನ್ನಾ ದ್ವೀಪದಲ್ಲಿ ಹೆಂಗಸರು ಹೋಗುವಂತಿಲ್ಲ. ಕಾವಾ ಕುಡಿಯಬೇಕೇ ಬೇಡವೇ ಎಂಬುದನ್ನು ಆ ಸಭೆಯ ಹಿರಿಯರನ್ನೇ ಕೇಳಿ. ಅಡ್ವೆಂಟಿಸ್ಟರು ಮುಟ್ಟುವುದಿಲ್ಲ, ಬೇರೆ ಸಭೆಗಳಲ್ಲಿ ಅಭಿಪ್ರಾಯ ಬೇರೆ ಬೇರೆ.

ಈಗ ನೀರು. ಅನೇಕ ಹಳ್ಳಿಗಳಲ್ಲಿ ನಂಬಬಹುದಾದದ್ದು ಮಳೆನೀರೊಂದೇ. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಚೆಲ್ಲಿ ಹೋಗುವುದನ್ನು ಕಳೆದು ನೂರಕ್ಕೆ ಎಂಬತ್ತು ಎಂದಿಟ್ಟುಕೊಳ್ಳಿ. 30 ಚದರ ಮೀಟರ್ ತಗಡಿಗೆ 10 ಮಿಲಿಮೀಟರ್ ಮಳೆ ಬಂದರೆ 240 ಲೀಟರ್ ಕೈಗೆ ಸಿಗುತ್ತದೆ. ತಲೆಗೆ ದಿನಕ್ಕೆ 15 ಲೀಟರ್‌ನಂತೆ ನಾಲ್ವರಿಗೆ 60 ಲೀಟರ್ ಬೇಕು. ತಿಂಗಳು ಮಳೆ ಬಾರದಿದ್ದರೆ 1,800 ಲೀಟರ್. ಇದಕ್ಕಿಂತ ಚಿಕ್ಕ ತೊಟ್ಟಿ ಕಟ್ಟಿದರೆ ಒಣ ದಿನಗಳಲ್ಲಿ ನೆರೆಮನೆಗೆ ಕೊಡ ಹಿಡಿದು ಹೋಗಬೇಕಾಗುತ್ತದೆ.

ಮೊದಲ ಮಳೆಯಲ್ಲಿ ಹಕ್ಕಿ ಹಿಕ್ಕೆ, ಎಲೆ, ಧೂಳು ಎಲ್ಲ ಕೊಚ್ಚಿ ಬರುತ್ತದೆ. ಇಳಿಕೊಳವೆಗೆ ಇನ್ನೊಂದು ಮುಚ್ಚಿದ ಕೊಳವೆ ಜೋಡಿಸಿ, ಮೊದಲ 30 ಲೀಟರ್ ಅದರಲ್ಲೇ ನಿಲ್ಲುವಂತೆ ಮಾಡಿ. ಅದು ತುಂಬಿದ ಮೇಲಷ್ಟೇ ತೊಟ್ಟಿಗೆ ನೀರು ಹೋಗಬೇಕು. ಪ್ರತಿ ಮಳೆಯಾದ ಮೇಲೆ ಅದರ ಬುಡದ ಮುಚ್ಚಳ ತೆಗೆದು ಖಾಲಿ ಮಾಡಿ. ಜನ ಮರೆಯುವುದು ಇದನ್ನೇ. ಮರೆತರೆ ಆ ಜೋಡಣೆಯೇ ವ್ಯರ್ಥ. ಒಳಹರಿವಿಗೂ ತುಂಬಿ ಹರಿಯುವ ಬಾಯಿಗೂ ಸೊಳ್ಳೆ ಜಾಲರಿ ಬಿಗಿಯಿರಿ. ನಲ್ಲಿಯನ್ನು ತಳದಿಂದ 5-10 ಸೆಂಟಿಮೀಟರ್ ಮೇಲಿಟ್ಟರೆ ಕೆಸರು ಬರುವುದಿಲ್ಲ. ಕುಡಿಯುವ ನೀರು ಒಂದು ನಿಮಿಷ ಕೊತಕೊತ ಕುದಿಯಲಿ. ಸೌದೆ ಇಲ್ಲವೆಂದರೆ, ಪರಿಮಳ ಬೆರೆಸದ ಶೇಕಡಾ 5ರ ಬ್ಲೀಚ್ ಲೀಟರಿಗೆ 2 ಹನಿ ಹಾಕಿ ಅರ್ಧ ಗಂಟೆ ಬಿಡಿ. ತನ್ನಾದಲ್ಲಿ ಯಸೂರ್ ಜ್ವಾಲಾಮುಖಿಯ ಬೂದಿ ಬೀಳುವ ದಿನ ಇಳಿಕೊಳವೆಯನ್ನೇ ಕಳಚಿಡಿ, ಚಾವಣಿ ತೊಳೆದ ಮೇಲೆ ಮತ್ತೆ ಜೋಡಿಸಿ.

ಸೌರ ಫಲಕವನ್ನು ಇಲ್ಲಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಬೇಕು. ನಮ್ಮ ಕಡೆಯ ರೂಢಿಯಂತೆ ದಕ್ಷಿಣಕ್ಕೆ ತಿರುಗಿಸಿದರೆ ವಿದ್ಯುತ್ ಕಡಿಮೆ ಬರುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ತಂತಿಯ ತುದಿಗಳಿಗೆ ಗ್ರೀಸ್ ಹಚ್ಚಿ, ಉಪ್ಪುಗಾಳಿ ತಾಮ್ರವನ್ನು ತಿಂದುಬಿಡುತ್ತದೆ.

ದೋಣಿಯ ವಿಷಯದಲ್ಲಿ ಧೈರ್ಯಕ್ಕಿಂತ ಲೆಕ್ಕ ಮುಖ್ಯ. ತಂದ ಇಂಧನದಲ್ಲಿ ಮೂರರಲ್ಲೊಂದು ಪಾಲು ಹೋಗಲು, ಒಂದು ಪಾಲು ಮರಳಲು, ಉಳಿದ ಪಾಲು ಗಾಳಿ ತಿರುಗಿದರೆ ಎಂದು. ಎಣ್ಣೆ ಬೆರೆಸುವ ಟೂ-ಸ್ಟ್ರೋಕ್ ಎಂಜಿನ್‌ಗೆ 50ಕ್ಕೆ 1 ಎಂದು ಕೈಪಿಡಿ ಹೇಳಿದ್ದರೆ 20 ಲೀಟರ್ ಪೆಟ್ರೋಲಿಗೆ 400 ಮಿಲಿಲೀಟರ್ ಎಣ್ಣೆ. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಮಸಿ ಕಟ್ಟುತ್ತದೆ. ನಡುಸಮುದ್ರದಲ್ಲಿ ಎಂಜಿನ್ ನಿಂತಿತೆಂದರೆ ಮೊದಲು ಪೆಟ್ರೋಲಿನಲ್ಲಿ ನೀರು ಸೇರಿದೆಯೇ ನೋಡಿ. ಅರ್ಧ ಖಾಲಿ ಡ್ರಮ್ಮಿನಲ್ಲಿ ರಾತ್ರಿಯ ತಂಪಿಗೆ ಹನಿ ಕಟ್ಟಿ ತಳ ಸೇರಿರುತ್ತದೆ. ನೀರು ತಡೆಯುವ ಸೋಸು ಇರುವ ಆಲಿಕೆಯಲ್ಲೇ ಸುರಿಯಿರಿ. ಬಿಡಿ ಪ್ಲಗ್‌ಗಳು, ಪ್ಲಗ್ ಸ್ಪ್ಯಾನರ್, ಸ್ಟಾರ್ಟರ್ ಹಗ್ಗ, ಪ್ರೊಪೆಲ್ಲರ್ ಪಿನ್, ಲಂಗರು ಮತ್ತು ಉದ್ದನೆಯ ಹಗ್ಗ, ಹುಟ್ಟು, ನೀರು ಮೊಗೆಯುವ ಡಬ್ಬಿ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ನಿಮ್ಮ ಹೆಸರಿಗೆ ನೋಂದಾಯಿಸಿದ 406 ಮೆಗಾಹರ್ಟ್ಸ್ ಉಪಗ್ರಹ ಬೀಕನ್ (ಅಪಾಯದ ಸಂಕೇತ ಕಳಿಸುವ ಸಾಧನ): ಇವಿಷ್ಟೂ ದೋಣಿಯಲ್ಲಿರಲಿ.

ಆಗ್ನೇಯದ ವ್ಯಾಪಾರಮಾರುತ ಹೊತ್ತೇರಿದಂತೆ ಬಲಿಯುತ್ತದೆ, ಹಾಗಾಗಿ ಬೆಳಗಿನ ಜಾವವೇ ಹೊರಡಿ. ಗೊತ್ತಿಲ್ಲದ ಹವಳದಂಡೆಯ ಬಾಯಿಯನ್ನು ಮಾತ್ರ ಸೂರ್ಯ ನೆತ್ತಿಯ ಹತ್ತಿರವೋ ಬೆನ್ನ ಹಿಂದೆಯೋ ಇರುವಾಗ, ಒಬ್ಬರು ಮುಂದೆ ನಿಂತು ನೋಡುತ್ತ ಪ್ರವೇಶಿಸಿ. ಕಂದು ಬಣ್ಣ ಕಂಡರೆ ಹವಳ ಮೇಲೆಯೇ ಇದೆ, ಗಾಢ ನೀಲಿ ಆಳ. ಮುಖಕ್ಕೆ ಬಿಸಿಲು ಬಿದ್ದರೆ ಎರಡೂ ಒಂದೇ ಥರ ಹೊಳೆಯುತ್ತವೆ. ಹೊರಡುವ ಹೊತ್ತನ್ನೂ ತಲುಪುವ ಹೊತ್ತನ್ನೂ ಎರಡೂ ಹಳ್ಳಿಗಳಿಗೆ ತಿಳಿಸಿ. ಸ್ಥಳೀಯ ದೋಣಿಗಾರ ಇಂದು ಬೇಡವೆಂದರೆ ಭಾನುವಾರದ ಆರಾಧನೆಯಿದ್ದರೂ ಹೊರಡಬೇಡಿ.

ಬೋಧನೆಗೆ ಬಿಸ್ಲಾಮಾ ಬೇಕೇ ಬೇಕು. ಈ ದೇಶದಲ್ಲಿ ನೂರಕ್ಕೂ ಹೆಚ್ಚು ಭಾಷೆಗಳಿವೆ. ಎಲ್ಲರನ್ನೂ ಕೂಡಿಸುವುದು ಬಿಸ್ಲಾಮಾ. ಆ ಭಾಷೆಯ ಪೂರ್ಣ ಸತ್ಯವೇದ 1998ರಲ್ಲಿ ಬಂತು. ದಿನಾಲೂ ಒಂದು ಅಧ್ಯಾಯವನ್ನು ಯುವಕರ ಮುಂದೆ ಗಟ್ಟಿಯಾಗಿ ಓದಿ ತಿದ್ದಿಸಿಕೊಳ್ಳಿ. ಪ್ರಸಂಗವನ್ನು ಬರೆದು ಶನಿವಾರ ಸಂಜೆ ಒಬ್ಬ ಹಿರಿಯರಿಗೆ ಓದಿ ಹೇಳಿ; ಅವರು ತಡೆದ ಕಡೆ ಬದಲಿಸಿ. ಹಗಲು ಜನ ತೋಟದಲ್ಲಿರುತ್ತಾರೆ, ಆದ್ದರಿಂದ ಅಧ್ಯಯನ ಕೂಟ ಬೆಳಗಾಗುವ ಮೊದಲು ಇಲ್ಲವೇ ಕತ್ತಲಾದ ಮೇಲೆ. ಮೊದಲು ನೀವು ಕಲಿಸಿ, ನಂತರ ಒಬ್ಬ ಹಿರಿಯರ ಜೊತೆ ಕಲಿಸಿ, ಆಮೇಲೆ ಅವರೇ ಕಲಿಸುವಾಗ ಹಿಂದಿನ ಸಾಲಿನಲ್ಲಿ ಕೂತು ಕೇಳಿ. ನೀವು ಹೋದ ಮೇಲೆ ಸಿಗದ ಪ್ರೊಜೆಕ್ಟರ್ ಮುಂತಾದುವುಗಳ ಮೇಲೆ ಪಾಠ ಕಟ್ಟಬೇಡಿ.

ಇಲ್ಲಿ ಮಲೇರಿಯಾ ಇದೆ. ಔಷಧ ಲೇಪಿಸಿದ ಸೊಳ್ಳೆಪರದೆಯಲ್ಲೇ ಮಲಗಿ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ವೈವ್ಯಾಕ್ಸ್ ಬಗೆಯದು ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ಮೇಲೆ ಮರುಕಳಿಸುತ್ತದೆ. ಅದಕ್ಕೆ ಕೊಡುವ ಪ್ರಿಮಾಕ್ವಿನ್ ಕೆಲವರ ರಕ್ತಕಣಗಳನ್ನು ಒಡೆಯುವುದರಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆಯೇ ಎಂಬ ರಕ್ತಪರೀಕ್ಷೆಯನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಹವಳ ತರಚಿದ ಗಾಯವನ್ನು ಸೋಪು ನೀರಿನಲ್ಲಿ ಉಜ್ಜಿ ಚೂರುಗಳನ್ನು ತೆಗೆಯಿರಿ, ಬಿಟ್ಟರೆ ಕೀವು ತುಂಬುತ್ತದೆ. ಹವಳದಂಡೆಯ ದೊಡ್ಡ ಮೀನಿನಲ್ಲಿ ಬೇಯಿಸಿದರೂ ಹೋಗದ ಸಿಗ್ವಾಟೆರಾ ವಿಷವಿರಬಹುದು. ಯಾವುದನ್ನು ತಿನ್ನಬಾರದೆಂದು ಊರಿನ ಮೀನುಗಾರರನ್ನು ಕೇಳಿ.

ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. 2015ರ ಪ್ಯಾಮ್, 2020ರ ಹೆರಾಲ್ಡ್ ಬಂದಂತೆ, 2023ರ ಮಾರ್ಚ್‌ನಲ್ಲಿ ಜೂಡಿ ಮತ್ತು ಕೆವಿನ್ ಒಂದೇ ವಾರದಲ್ಲಿ ಬಂದವು. ಎಚ್ಚರಿಕೆ ಬಂದೊಡನೆ ತೊಟ್ಟಿ ತುಂಬಿಸಿ, ಖಾಲಿ ತೊಟ್ಟಿಯನ್ನು ಗಾಳಿ ಹೊತ್ತೊಯ್ಯುತ್ತದೆ. ಇಳಿಕೊಳವೆ ಕಳಚಿ, ಫಲಕ ಇಳಿಸಿ, ದೋಣಿಯನ್ನು ಮೇಲಕ್ಕೆಳೆದು ಕಟ್ಟಿ. ಗಾಳಿ ನಿಂತ ಮೇಲೆ ಪರಿಹಾರದ ಅಕ್ಕಿ ಬಂದರೆ ನಿಮ್ಮ ಮನೆಯಿಂದ ಹಂಚಬೇಡಿ. ಚೀಫ್ ಮತ್ತು ಎಲ್ಲ ಸಭೆಗಳ ಹಿರಿಯರು ಕೂತು ಮನೆಗಳ ಪಟ್ಟಿ ಮಾಡಲಿ, ನಿಮ್ಮ ಸಭೆಗೆ ಬಾರದವರ ಮನೆಗಳೂ ಅದೇ ಪಟ್ಟಿಯಲ್ಲಿರಲಿ.