ಬಿಲ್‌ಗೆ ಬಿಲ್: ಉದ್ರಿ ಇಳಿಸಿ ವ್ಯಾಪಾರ ಉಳಿಸಿಕೊಂಡ ನನ್ನ ಅನುಭವ

ಹಾವೇರಿ, ಮೋಟೆಬೆನ್ನೂರು, ಬ್ಯಾಡಗಿ ಸುತ್ತ ನನ್ನ ಏಜೆನ್ಸಿ ಇದೆ. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು, ಊದುಬತ್ತಿ ಮಾರುತ್ತೇವೆ. ಸುಮಾರು 400 ಅಂಗಡಿ. ತಿಂಗಳ ಸೆಕೆಂಡರಿ, ಅಂದರೆ ನಾವು ಅಂಗಡಿಗಳಿಗೆ ಮಾಡುವ ಮಾರಾಟ, 16–17 ಲಕ್ಷ. ಮಾರ್ಕೆಟ್ ಬಾಕಿ, ಅಂದರೆ ಅಂಗಡಿಗಳಿಂದ ಬರಬೇಕಾದ ರೊಕ್ಕ, ಒಂದೂವರೆ ಲಕ್ಷದ ಆಚೀಚೆ. ಈ ಕೊನೆಯ ಅಂಕಿಯನ್ನು ನಮ್ಮ ಲೈನಿನವರು ಸುಲಭವಾಗಿ ನಂಬುವುದಿಲ್ಲ. ಇಷ್ಟೇ ವ್ಯಾಪಾರಕ್ಕೆ ಒಂಬತ್ತು–ಹತ್ತು ಲಕ್ಷ ಬಾಕಿ ಬಿಟ್ಟುಕೊಂಡು ಓಡಾಡುವ ಏಜೆನ್ಸಿಗಳು ಇದೇ ಸುತ್ತಿನಲ್ಲಿವೆ. ಶುರುವಿನಲ್ಲಿ ನನ್ನ ಬಾಕಿಯೂ ಅಷ್ಟೇ ಇತ್ತು.

ಬಿಲ್‌ಗೆ ಬಿಲ್, ಅಂದರೆ ಹಿಂದಿನ ಬಿಲ್ ಚುಕ್ತಾ ಆದ ಮೇಲೆಯೇ ಹೊಸ ಬಿಲ್, ಮಾಡುತ್ತೇನೆ ಅಂದಾಗ ಕಂಪನಿಯ ಏರಿಯಾ ಮ್ಯಾನೇಜರ್‌ನಿಂದ ಹಿಡಿದು ಪಕ್ಕದ ಗೋಡೌನಿನವರ ತನಕ ಎಲ್ಲರದೂ ಒಂದೇ ಮಾತು: "ಉದ್ರಿ ಕೊಡಲಿಲ್ಲಂದ್ರ ನಿನ್ನ ಮಾಲು ಯಾರು ಇಡ್ತಾರ?" ಅವರು ಹೇಳಿದ್ದು ಅನುಭವದಿಂದಲೇ. ನನಗೆ ಮಾತ್ರ ಬೇರೆ ಏನೋ ಕಂಡಿತ್ತು.

ಅದು ಕಂಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಅದಕ್ಕೂ ಮೊದಲು ಏಳೆಂಟು ವರ್ಷ ಬೇರೆಯವರ ಏಜೆನ್ಸಿಯಲ್ಲಿ ಬೈಕ್ ಮೇಲೆ ಆರ್ಡರ್ ತೆಗೆಯುತ್ತಿದ್ದೆ. ಶುರುವಿನಲ್ಲಿ ಸಂಬಳ ಐದೂವರೆ ಸಾವಿರ, ಪೆಟ್ರೋಲ್ ಬೇರೆ. ಅಷ್ಟು ವರ್ಷ ಪ್ರತಿ ಕೌಂಟರ್‌ನಲ್ಲೂ ಕೇಳಿದ್ದು "ನಾಳಿ ಬಾ, ಕಲೆಕ್ಷನ್ ಇಲ್ಲ". 2019ರಲ್ಲಿ ಸ್ವಂತ ಏಜೆನ್ಸಿ ತೆಗೆದುಕೊಂಡೆ. ಅದು ಕಾಲೂರುವ ಮೊದಲೇ ಮಾರ್ಚ್ ಕೊನೆಗೆ ಎಲ್ಲ ಬಂದ್ ಆಯಿತು. ಕಿರಾಣಿ ಅಂಗಡಿ ಮಾತ್ರ ತೆಗೆದಿದ್ದವು, ಮಾಲು ಎಲ್ಲೂ ಸಿಗುತ್ತಿರಲಿಲ್ಲ. ಆಗ ಅದೇ "ನಾಳಿ ಬಾ" ಅಂಗಡಿಗಳು ಗಾಡಿ ನಿಲ್ಲಿಸುವ ಮುಂಚೆಯೇ ರೊಕ್ಕ ಎಣಿಸಿ ಕೈಗಿಟ್ಟವು. ಕೆಲವರು ಹಳೇ ಬಾಕಿಯನ್ನೂ ಸೇರಿಸಿ ಕೊಟ್ಟರು. ಅಂದರೆ ರೊಕ್ಕ ಮೊದಲಿಂದಲೂ ಇತ್ತು, ಅಲ್ವಾ? ನಮಗೆ ಕೊಡಲೇಬೇಕಾದ ಅಗತ್ಯ ಮಾತ್ರ ಇರಲಿಲ್ಲ.

ಲಾಕ್‌ಡೌನ್ ಸಡಿಲವಾಗಿ ಮಾಲು ಬರತೊಡಗಿದ ಮೇಲೆ ಎರಡು–ಮೂರು ತಿಂಗಳಲ್ಲಿ ಬಾಕಿ ಮತ್ತೆ ಮೊದಲಿನ ಜಾಗಕ್ಕೇ ಹೋಗಿ ನಿಂತಿತು. ಆಗ ಕೂತು ಲೆಕ್ಕ ಹಾಕಿದೆ. ನನ್ನ ಮಾರ್ಜಿನ್ ಸರಾಸರಿ 5 ಪರ್ಸೆಂಟ್. ಆಗ ವ್ಯಾಪಾರ 14 ಲಕ್ಷ, ಅಂದರೆ ಕೈಗೆ 70 ಸಾವಿರ. ಇಬ್ಬರು ಸೇಲ್ಸ್‌ಮನ್, ಡ್ರೈವರ್, ಡೀಸೆಲ್, ಗೋಡೌನ್ ಬಾಡಿಗೆ, ಬಿಲ್ ಹುಡುಗ ಎಲ್ಲ ಸೇರಿ 58 ಸಾವಿರ. ಉಳಿದದ್ದು 12 ಸಾವಿರ. ಮಾರ್ಕೆಟ್‌ನಲ್ಲಿ ನಿಂತ ಹತ್ತು ಲಕ್ಷಕ್ಕೆ ನಾನು ಕಟ್ಟುತ್ತಿದ್ದ ಬಡ್ಡಿ ತಿಂಗಳಿಗೆ ಒಂದೂವರೆ ಪರ್ಸೆಂಟ್, ಅಂದರೆ 15 ಸಾವಿರ. ಡ್ಯಾಮೇಜ್, ಎಕ್ಸ್‌ಪೈರಿ ಇದಕ್ಕೆ ಸೇರಿಸಿಲ್ಲ. ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರ ತನಕ ದುಡಿದು ನಾನು ನನಗೆ ಸಾಲ ಕೊಟ್ಟವರ ಬಡ್ಡಿ ಕಟ್ಟುತ್ತಿದ್ದೆ.

ಬಿಲ್‌ಗೆ ಬಿಲ್‌ಗೆ ಬರುವ ಮೊದಲು ಬೇರೆ ದಾರಿಗಳನ್ನೂ ನೋಡಿದೆ. ಮೊದಲನೆಯದು ಕ್ಯಾಶ್ ಡಿಸ್ಕೌಂಟ್. ಕೈಗೆ ಕೈ ಕೊಟ್ಟರೆ 2 ಪರ್ಸೆಂಟ್ ಬಿಡುತ್ತೇನೆ ಅಂದೆ. ಮೊದಲ ಎರಡು ವಾರ ಕಲೆಕ್ಷನ್ ಜೋರಾಯಿತು. ಆಮೇಲೆ ಡಿಸ್ಕೌಂಟನ್ನು ಬಿಲ್‌ನಲ್ಲಿ ಕಳೆಯಿಸಿಕೊಂಡು ಉದ್ರಿಯನ್ನೂ ಕೇಳತೊಡಗಿದರು. ಒಂದು ದೊಡ್ಡ ಅಂಗಡಿಯವರು ನನ್ನ ಮಾಲನ್ನೇ ಆ ಕಡಿಮೆ ರೇಟಿನಲ್ಲಿ ಹಳ್ಳಿ ಅಂಗಡಿಗಳಿಗೆ ಹಾಕಿದರು. ನನ್ನ ಲೈನನ್ನು, ಅಂದರೆ ನಾನು ಮಾಲು ಹಾಕುವ ಅಂಗಡಿಗಳ ದಾರಿಯನ್ನು, ನನ್ನ ರೊಕ್ಕದಿಂದಲೇ ಕೆಡಿಸಿದಂತಾಯಿತು. ಎರಡು ತಿಂಗಳಲ್ಲಿ 40 ಸಾವಿರದ ಹತ್ತಿರ ಹೋಯಿತು.

ಎರಡನೆಯದು ಚೆಕ್. ದೊಡ್ಡ ಅಂಗಡಿಗಳಿಂದ ಮುಂದಿನ ತಾರೀಖಿನ ಚೆಕ್ ತೆಗೆದುಕೊಂಡೆ. ನಾಲ್ಕೈದು ಬೌನ್ಸ್ ಆದವು. ಚೆಕ್ ಬೌನ್ಸ್ ಆದರೆ ಇರುವ ಕಾನೂನು ಸೆಕ್ಷನ್ 138. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ ಮೇಲೆ 15 ದಿನ ಕಾಯಬೇಕು, ಆಮೇಲೆ ಕೋರ್ಟು. 18 ಸಾವಿರದ ಒಂದು ಚೆಕ್ಕಿಗೆ ವಕೀಲರ ಫೀಸು, ಓಡಾಟ ಎಲ್ಲ ಸೇರಿ ಏಳೆಂಟು ಸಾವಿರ ಆಯಿತು. ರೊಕ್ಕ ಬಂತು, ಅಂಗಡಿ ಹೋಯಿತು. ತಿಂಗಳಿಗೆ 25 ಸಾವಿರ ಮಾರುವ ಅಂಗಡಿಯನ್ನು 18 ಸಾವಿರಕ್ಕೆ ಕಳೆದುಕೊಳ್ಳುವುದು ನಮ್ಮ ಕಸುಬಲ್ಲ.

ಬಿಲ್‌ಗೆ ಬಿಲ್ ಕೂಡ ಮೊದಲ ಸಲ ನಿಲ್ಲಲಿಲ್ಲ. ಎಲ್ಲ ಅಂಗಡಿಗೂ ಒಂದೇ ದಿನದಿಂದ ನಿಯಮ ಹಾಕಿದ್ದೆ. ಹಳೇ ಬಾಕಿ ಪೂರ್ತಿ ಕೊಟ್ಟರೆ ಮಾತ್ರ ಹೊಸ ಬಿಲ್. ಆರು ಸಾವಿರ ಬಾಕಿ ಇರುವ ಅಂಗಡಿಯವರು ಆರು ಸಾವಿರ ಕೊಟ್ಟು ಎರಡು ಸಾವಿರದ ಮಾಲು ಯಾಕೆ ತಗೋತಾರೆ? ಪಕ್ಕದ ಏಜೆನ್ಸಿಯ ಸೋಪು ಇಟ್ಟುಕೊಂಡರು. ಆ ತಿಂಗಳು ವ್ಯಾಪಾರ ಕಾಲು ಭಾಗ ಬಿತ್ತು. ಕಂಪನಿಯ ಇನ್ಸೆಂಟಿವ್ ಹೋಯಿತು. ಹಳೇ ಸೇಲ್ಸ್‌ಮನ್ ಒಬ್ಬ ಬಿಟ್ಟು ಹೋದ. ಲೈನ್ ಒಡೆದು ಬೇರೆಯವರಿಗೆ ಕೊಡಬೇಕಾಗುತ್ತದೆ ಅಂತ ಮೇಲಿನಿಂದ ಮಾತು ಬಂತು.

ತಿರುವು ಸಿಕ್ಕಿದ್ದು ಹಳೇ ಬಾಕಿಯನ್ನು ಹೊಸ ವ್ಯಾಪಾರದಿಂದ ಬಿಡಿಸಿದಾಗ. ಬಾಕಿಯನ್ನು ಬೇರೆ ಪುಟಕ್ಕೆ ಬರೆದೆ. "ಇದು ಇರಲಿ, ಪ್ರತಿ ಸಲ ಬಂದಾಗ 200–300 ಕೊಡ್ರಿ ಸಾಕು. ಇವತ್ತಿನಿಂದ ಹೊಸ ಬಿಲ್ ಮಾತ್ರ ಮುಂದಿನ ಬಿಲ್‌ಗೆ ಚುಕ್ತಾ." ಇಷ್ಟೇ ಮಾತು. ಆರು ಸಾವಿರ ಕೇಳಿದಾಗ ಸಿಟ್ಟಾಗುತ್ತಿದ್ದವರೇ 300 ಕೊಟ್ಟರು. ಹತ್ತು ಲಕ್ಷದಲ್ಲಿ ಏಳರಷ್ಟು ಹೀಗೆ ಒಂದು ವರ್ಷದ ಮೇಲೆ ಸ್ವಲ್ಪ ಸಮಯದಲ್ಲಿ ವಾಪಸ್ ಬಂತು. ಉಳಿದದ್ದರಲ್ಲಿ ಬಹುಪಾಲು ಇನ್ನೂ ಬರುತ್ತಿದೆ. 60–70 ಸಾವಿರ ಬರುವುದಿಲ್ಲ. ಆ ಅಂಗಡಿಗಳೇ ಮುಚ್ಚಿವೆ.

ತಿರುವಿನ ಇನ್ನೊಂದು ಅರ್ಧ ಅಂದರೆ, ಬಿಲ್ ಎಷ್ಟು ದೊಡ್ಡದು ಅನ್ನುವುದು. ತಿಂಗಳ ಕೊನೆಗೆ ಟಾರ್ಗೆಟ್‌ಗಾಗಿ ಐದು ಕೇಸ್ (ಪೆಟ್ಟಿಗೆ) ಮಾಲು ಇಳಿಸಿ ಬಂದರೆ ಅಂಗಡಿಯವರು ಅದನ್ನು ಮಾರಿದ ಮೇಲೆಯೇ ರೊಕ್ಕ ಕೊಡುತ್ತಾರೆ. ಅದು ಅವರ ತಪ್ಪಲ್ಲ. ನಾಲ್ಕು ದಿನ ಮಾರುವಷ್ಟೇ ಬಿಲ್ ಮಾಡಿದರೆ ಮುಂದಿನ ಸಲ ಹೋಗುವಾಗ ಆ ಮಾಲು ರೊಕ್ಕವಾಗಿ ಗಲ್ಲೆಯಲ್ಲಿ ಇರುತ್ತದೆ. ಅದಕ್ಕೆ "ಏನು ಬೇಕ್ರಿ?" ಅಂತ ಕೇಳುವುದನ್ನು ಬಿಟ್ಟೆವು. ನಾವೇ ಕಪಾಟು ನೋಡಿ, ಎಣಿಸಿ, ಬರೆಯುತ್ತೇವೆ. ಅಂಗಡಿಯವರು ಜಾಸ್ತಿ ಕೇಳಿದರೂ ಕಡಿಮೆ ಹಾಕುತ್ತೇವೆ. ಮೊದಲ ಸಲ ಹಾಗೆ ಮಾಡಿದಾಗ ಒಬ್ಬ ಹಿರಿಯ ಅಂಗಡಿಯವರು ನನ್ನನ್ನು ಕೂರಿಸಿ ಚಹಾ ತರಿಸಿದರು. ಅವರಿಗೆ ಮಾಲು ಕಡಿಮೆ ತಗೊಳ್ಳಿ ಅಂದ ಸೇಲ್ಸ್‌ಮನ್ ನಾನೇ ಮೊದಲು.

ಇದಕ್ಕೆ ವಾರಕ್ಕೆ ಎರಡು ಸಲ ಹೋಗಬೇಕು. ಎಲ್ಲ 400ಕ್ಕೂ ಅಲ್ಲ. ಮುಕ್ಕಾಲು ವ್ಯಾಪಾರ ಕೊಡುವ 120 ಅಂಗಡಿಗೆ ಎರಡು ಸಲ, ಉಳಿದವಕ್ಕೆ ಒಂದು ಸಲ. ಇಬ್ಬರು ಹುಡುಗರಿಗೆ ದಿನಕ್ಕೆ ತಲಾ 43–44 ಕಾಲ್, ಅಂದರೆ ಅಂಗಡಿ ಭೇಟಿ, ಬೀಳುತ್ತದೆ. ಪೆಟ್ರೋಲ್ ತಿಂಗಳಿಗೆ ಮೂರು ಸಾವಿರ ಜಾಸ್ತಿ ಆಯಿತು. ಬಡ್ಡಿಯಲ್ಲಿ ಉಳಿದದ್ದು 12 ಸಾವಿರ. ಆ 120ನ್ನು ಆರಿಸಿದ್ದು ಬಿಲ್ ಮೊತ್ತ ನೋಡಿ ಮಾತ್ರ ಅಲ್ಲ. ಅಂಗಡಿ ಒಳಗೆ ನಾನು ನೋಡುವ ಒಂದು ಗುರುತಿದೆ, ಅದು ಈವರೆಗೆ ಸುಳ್ಳಾಗಿಲ್ಲ. ಅದನ್ನು ನನ್ನ ಹುಡುಗರಿಗೆ ಮಾತ್ರ ಹೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಹಾಗೆಯೇ ಕೇಸ್ ಮೇಲೆ ಬರುವ ಸ್ಕೀಮನ್ನು, ಅಂದರೆ ಕಂಪನಿಯ ರಿಯಾಯಿತಿಯನ್ನು, ಅರ್ಧ ಡಜನ್ ತಗೊಳ್ಳುವ ಅಂಗಡಿಗೂ ಒಡೆದು ಮುಟ್ಟಿಸುವ ಲೆಕ್ಕವೂ ನನ್ನದೇ. ಸಣ್ಣ ಬಿಲ್ ಮಾಡಿದರೂ ಸ್ಕೀಮ್ ತಪ್ಪುವುದಿಲ್ಲ ಅಂತ ಗೊತ್ತಾದ ಮೇಲೆಯೇ ಅಂಗಡಿಯವರು ಪೂರ್ತಿ ಒಪ್ಪಿದ್ದು.

ಹುಡುಗರ ಇನ್ಸೆಂಟಿವ್ ಕೂಡ ಬದಲಿಸಿದೆ. ಮೊದಲು ಬಿಲ್ ಮೊತ್ತದ ಮೇಲಿತ್ತು. ಹಾಗಿದ್ದರೆ ಯಾವ ಹುಡುಗನಾದರೂ 28ನೇ ತಾರೀಖಿನಿಂದ ಮಾಲು ತುಂಬಲು ನೋಡುತ್ತಾನೆ. ಈಗ ಸಂಬಳ 13 ಸಾವಿರ, ಮೇಲೆ ವಸೂಲಾದ ರೊಕ್ಕಕ್ಕೆ ಮತ್ತು ಬಿಲ್‌ಗಳ ಸಂಖ್ಯೆಗೆ ಇನ್ಸೆಂಟಿವ್. ಒಳ್ಳೆಯ ತಿಂಗಳು 18 ಮುಟ್ಟುತ್ತಾರೆ. ಮೊದಲು ಆರು ತಿಂಗಳಿಗೊಬ್ಬ ಹುಡುಗ ಬದಲಾಗುತ್ತಿದ್ದ. ಈಗಿನ ಇಬ್ಬರೂ ಮೂರು ವರ್ಷದ ಮೇಲಾಯಿತು, ಇಲ್ಲೇ ಇದ್ದಾರೆ. ಈ ಕಸುಬಿನಲ್ಲಿ ಹೊಸ ಹುಡುಗ ಬಿಟ್ಟು ಹೋಗುವುದು ಬಿಸಿಲಿಗಲ್ಲ. ದಿನಕ್ಕೆ 40 ಕಡೆ ಬಾಕಿ ಕೇಳಿ 30 ಕಡೆ ಇಲ್ಲ ಅನ್ನಿಸಿಕೊಂಡರೆ ಯಾರ ಮನಸ್ಸಾದರೂ ಸೋಲುತ್ತದೆ. ಬಾಕಿ ಸಣ್ಣದಾದಾಗ ಕೌಂಟರ್‌ನಲ್ಲಿ ಮಾತೂ ಸಲೀಸಾಯಿತು.

ಸುಮ್ನೆ ಮಾಡಿ ನೋಡಿದ ಇನ್ನೊಂದೆರಡು ಪ್ರಯೋಗ ಇವೆ. ಒಂದು, ಲೈನನ್ನು ತಿರುಗಿಸಿದ್ದು. ಯಾವಾಗಲೂ ಊರಿನ ಈ ತುದಿಯಿಂದ ಶುರು ಮಾಡಿ ಆ ತುದಿಗೆ ಹೋಗುತ್ತೇವೆ. ಕೊನೆಯ ಹತ್ತು ಅಂಗಡಿಗೆ ಹುಡುಗ ಮುಟ್ಟುವುದು ನಾಲ್ಕು ಗಂಟೆಗೆ, ದಣಿದು. ಒಂದು ತಿಂಗಳು ಉಲ್ಟಾ ಹೋಗಲು ಹೇಳಿದೆ. ಆ ಹತ್ತರಲ್ಲಿ ವ್ಯಾಪಾರ 15 ಪರ್ಸೆಂಟ್ ಹತ್ತಿರ ಏರಿತು, ಮೊದಲಿನ ಹತ್ತರಲ್ಲಿ ಹೇಳುವಷ್ಟು ಇಳಿಯಲಿಲ್ಲ. ಈಗ ವಾರ ಬಿಟ್ಟು ವಾರ ತಿರುಗಿಸುತ್ತೇವೆ. ಎರಡು, ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್. ಓಡುವ ಐಟಂ ಮಾತ್ರ ಬರುತ್ತದೆ, ಹೊಸ ಐಟಂ ಒಂದೂ ಬರುವುದಿಲ್ಲ. ರೊಕ್ಕವಂತೂ ವಾಟ್ಸ್‌ಆ್ಯಪ್‌ನಲ್ಲಿ ಬರುವುದೇ ಇಲ್ಲ. ಎದುರು ನಿಂತವನಿಗೇ ಅದು ಸಿಗುವುದು. ನಿಲ್ಲಿಸಿದೆ.

ಬ್ಯಾಡಗಿ ಲೈನಿನ ದಿನ ಬದಲಿಸಿದ್ದು ಮಾತ್ರ ನನಗೆ ತುಂಬ ಹೆಮ್ಮೆಯ ಕೆಲಸ. ಅಲ್ಲಿ ಮೆಣಸಿನಕಾಯಿ ಟೆಂಡರ್ ಸೋಮವಾರ, ಗುರುವಾರ. ಸೀಸನ್‌ನಲ್ಲಿ ಆ ಎರಡು ದಿನ ಅಂಗಡಿಯವರಿಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ನಾವು ಅದೇ ದಿನ ಹೋಗಿ ನಿಲ್ಲುತ್ತಿದ್ದೆವು. ಮಂಗಳವಾರ, ಶುಕ್ರವಾರಕ್ಕೆ ಬದಲಿಸಿದ ಮೇಲೆ ಗಲ್ಲೆ ತುಂಬಿರುತ್ತದೆ, ಮಾತಾಡಲು ಸಮಯವೂ ಇರುತ್ತದೆ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಇರುವ ಓಣಿಗಳ ಅಂಗಡಿಗೆ ಬಟವಾಡೆಯ ಹಿಂದಿನ ದಿನವೇ ಶಾಂಪೂ ಲಡಿ, ಐದು ರೂಪಾಯಿ ಬಿಸ್ಕತ್ತು, ಸಣ್ಣ ಸೋಪು ಮುಟ್ಟಿಸುತ್ತೇವೆ. ಕೆಲಸ ಸಣ್ಣದು, ಆದರೆ ಅಲ್ಲಿ ನಮ್ಮ ಮಾಲು ಇಲ್ಲದ ಅಂಗಡಿ ಈಗ ಸಿಗುವುದಿಲ್ಲ.

ನನ್ನನ್ನು ನಂಬದವರು ಬಾಯಿ ಮುಚ್ಚಿದ್ದು 2024ರ ಮಾರ್ಚ್‌ನಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರೇಟು ಬಿದ್ದು, ಮಾರ್ಚ್ 11ರಂದು ರೈತರ ಸಿಟ್ಟು ಕೈ ಮೀರಿತು. ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು, ಗಾಡಿಗಳು ಸುಟ್ಟವು. ರೈತರ ಸಂಕಟ ದೊಡ್ಡದು, ಅದರ ಮುಂದೆ ನಮ್ಮದು ಏನೂ ಅಲ್ಲ. ಆದರೆ ಆ ಊರಿನ ಪ್ರತಿ ಕಿರಾಣಿ ಅಂಗಡಿ ಆ ಮಾರುಕಟ್ಟೆಯ ಮೇಲೆಯೇ ನಿಂತಿದೆ. ಅಂಗಡಿಗಳಲ್ಲಿ ರೊಕ್ಕ ನಿಂತುಹೋಯಿತು. ಬ್ಯಾಡಗಿ ಲೈನ್ ಒಂದರಲ್ಲೇ ಕೆಲವು ಏಜೆನ್ಸಿಗಳ ಮೂರು–ನಾಲ್ಕು ಲಕ್ಷ ಸಿಕ್ಕಿಕೊಂಡಿತು. ನನ್ನದು 40 ಸಾವಿರದ ಒಳಗೆ. ನಾನು ಯಾರನ್ನೂ ಒತ್ತಾಯ ಮಾಡಲಿಲ್ಲ. ಮಾಡುವ ಅಗತ್ಯವೇ ಬೀಳಲಿಲ್ಲ. ಎರಡು ಸುತ್ತು ಬಿಲ್ ಇನ್ನೂ ಸಣ್ಣದು ಮಾಡಿದೆ, ಅಷ್ಟೇ. ಆಗ ಒತ್ತಾಯ ಮಾಡದ ಕಾರಣಕ್ಕೇ ಹೊಸದಾಗಿ ಏಳೆಂಟು ಅಂಗಡಿ ನನ್ನ ಕಡೆ ಬಂದವು.

ಆಮೇಲೆ 2025ರ ಸೆಪ್ಟೆಂಬರ್ 22. ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಗಿರಾಕಿಗೆ ಒಳ್ಳೆಯದಾಯಿತು. ನಮ್ಮ ಲೈನಿನಲ್ಲಿ ಮಾತ್ರ ಎರಡು–ಮೂರು ವಾರ ಗಲಾಟೆ. ಹಳೇ ಎಂಆರ್‌ಪಿ ಮಾಲು ತುಂಬಿಸಿಕೊಂಡಿದ್ದ ಅಂಗಡಿಯವರು ವ್ಯತ್ಯಾಸ ಕೊಡಿ, ಇಲ್ಲ ಮಾಲು ವಾಪಸ್ ತಗೊಳ್ಳಿ ಅಂತ ಏಜೆನ್ಸಿಗಳ ಬೆನ್ನು ಬಿದ್ದರು. ನನ್ನ ಅಂಗಡಿಗಳಲ್ಲಿ ಇದ್ದದ್ದೇ ನಾಲ್ಕು ದಿನದ ಮಾಲು. ಹೊಸ ರೇಟಿಗೆ ಮೊದಲ ವಾರವೇ ಬಿಲ್ ಶುರುವಾಯಿತು. ಲೈನ್ ಒಡೆಯುವ ಮಾತಾಡಿದ್ದ ಅದೇ ಕಂಪನಿಯಿಂದ ನನ್ನ ಬಾಕಿ ಪುಸ್ತಕ ನೋಡಲು ಹೊಸ ಆಫೀಸರ್‌ಗಳನ್ನು ಕಳಿಸಿದರು.

ಈಗ ಹಿರೇಕೆರೂರು ಕಡೆಯ ಹಳ್ಳಿಗಳನ್ನೂ ತೆಗೆದುಕೊಂಡಿದ್ದೇನೆ. ಅಲ್ಲಿ ಇದು ಇನ್ನೂ ಪೂರ್ತಿ ಕೂತಿಲ್ಲ. ದೂರ ಜಾಸ್ತಿ, ಮೆಕ್ಕೆಜೋಳದ ಊರುಗಳು, ರೊಕ್ಕ ಬರುವುದು ಸುಗ್ಗಿ ಮೇಲೆ. ವಾರಕ್ಕೆ ಎರಡು ಸಲ ಗಾಡಿ ಓಡಿಸಿದರೆ ಡೀಸೆಲ್ ಮತ್ತು ಹುಡುಗರ ದಿನದ ಖರ್ಚು 1,500ರ ಹತ್ತಿರ. ಅದು ಹುಟ್ಟಲು ದಿನಕ್ಕೆ 30 ಸಾವಿರದ ಬಿಲ್ ಬೇಕು. ಈಗ 20ರಲ್ಲಿದೆ. ಅದಕ್ಕೆ ವಾರಕ್ಕೆ ಒಂದೇ ಸಲ ಹೋಗಿ, ಬಿಲ್ ಅರ್ಧ ಕ್ಯಾಶ್, ಅರ್ಧ ಮುಂದಿನ ವಾರ ಅಂತ ನಡೆಸಿದ್ದೇನೆ. 90 ಅಂಗಡಿಯಲ್ಲಿ 50ರಷ್ಟು ಒಪ್ಪಿವೆ. ಉಳಿದವರು ಮೆಕ್ಕೆಜೋಳ ಮಾರಾಟವಾಗಲಿ, ಆಮೇಲೆ ನೋಡೋಣ ಅಂದಿದ್ದಾರೆ. ಅಲ್ಲಿಯ ತನಕ ಅವರಿಗೆ ಕ್ಯಾಶ್ ಆದಷ್ಟೇ ಮಾಲು ಹಾಕುತ್ತಿದ್ದೇನೆ.